ಗುಡಾಣದೊಳಗಿನ ಮುದುಕ ಜುವೊ

ಗುಯ್‌ಜೆನ್‌ಳ ಗಂಟಲು ಕೇಳದವರು ನಾನ್‌ಜಿಂಗ್‌ನ ದಕ್ಷಿಣ ಹೆಬ್ಬಾಗಿಲಿನ ಆಸುಪಾಸಿನಲ್ಲಿ ಯಾರೂ ಇಲ್ಲ. ಕಿವಿ ಮಂದವಾದ ಮುದುಕರು ಕೂಡ ಅವಳ ಮಾತನ್ನು ಎರಡನೆಯ ಸಲ ಹೇಳಿಸಿಕೊಳ್ಳುವುದಿಲ್ಲ. ಅದು ಬಸ್ಸಿನಲ್ಲಿ ಪಳಗಿದ ಗಂಟಲು. ಹರೆಯದಲ್ಲಿ ಕಂಡಕ್ಟರ್ ಆಗಿ ಸೇರಿಕೊಂಡವಳು, ನೆಲ್ಲಿಕಾಯಿ ಮೂಟೆಯ ಹಾಗೆ ಜನ ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ಆತುಕೊಂಡು ಮುಂದಿನ ಡ್ರೈವರಿಗೆ ಕೇಳುವಂತೆ ಕೂಗಬೇಕಿತ್ತು. ಟಿಕೆಟ್ ಕೊಡುವ ಯಂತ್ರ ಬಂತು, ಕಂಡಕ್ಟರುಗಳು ಹೋದರು, ಅವಳಿಗೆ ಪಿಂಚಣಿಯೂ ಬಂತು. ಗಂಟಲು ಮಾತ್ರ ನಿವೃತ್ತಿಯಾಗಲಿಲ್ಲ. ಈಗಲೂ ತರಕಾರಿ ಮಾರುಕಟ್ಟೆಯಲ್ಲಿ ಯಾರಾದರೂ ದಾರಿಗಡ್ಡ ನಿಂತರೆ, "ಮುಂದೆ ಹೋಗಿ, ಒಳಗೆ ಬೇಕಾದಷ್ಟು ಜಾಗ ಇದೆ" ಎನ್ನುತ್ತಾಳೆ. ಜನ ಹೋಗಿಯೇ ಹೋಗುತ್ತಾರೆ.

ಇಂಥ ಗಂಟಲನ್ನು ಸುಮ್ಮನೆ ಮನೆಯಲ್ಲಿ ಕೂರಿಸಿದರೆ ಮನೆಯವರ ಗತಿ ಏನು? ಗಂಡ ಚಾಂಗ್‌ಗೆಂಗ್ ಸಾಧು ಪ್ರಾಣಿ. ಮಾತು ಬಿಸಿಯಾಗುತ್ತಿದೆ ಅನ್ನಿಸಿದೊಡನೆ ಹಕ್ಕಿಪಂಜರ ಹಿಡಿದು ನದಿಯ ದಂಡೆಗೆ ನಡೆದುಬಿಡುತ್ತಾನೆ. ಹೊತ್ತು ಹೋಗದೆ ಗುಯ್‌ಜೆನ್ ಬೆಳಿಗ್ಗೆ ಬೆಳಿಗ್ಗೆ ಕೋಟೆಗೋಡೆಯ ಮೇಲೆ ನಡೆಯಲು ಹೋಗತೊಡಗಿದಳು. ಅಲ್ಲಿ ಒಂದು ಕಡೆ ಮಳೆಗೆ ಗೋಡೆ ಕುಸಿದಿತ್ತು. ಗಾರೆಯವರು ರಿಪೇರಿ ಮಾಡುತ್ತಿದ್ದರು. ಹೊಸ ಇಟ್ಟಿಗೆ ಹಾಕಿದ ಜಾಗ ಮುದುಕನ ಬಾಯಲ್ಲಿ ಕಟ್ಟಿಸಿದ ಹಲ್ಲಿನ ಹಾಗೆ ಎದ್ದು ಕಾಣುತ್ತಿತ್ತು. ಇದೇನು ಹೀಗೆ ಎಂದು ಅವಳು ಉಸ್ತುವಾರಿಯ ಹುಡುಗಿ ಯಾನ್ ಶುವನ್ನು ತರಾಟೆಗೆ ತೆಗೆದುಕೊಂಡಳು. ಹಳೆಯ ಇಟ್ಟಿಗೆಯೇ ಬೇಕು, ಆದರೆ ಅಜ್ಜಂದಿರ ಕಾಲದಲ್ಲಿ ಗೋಡೆಯನ್ನು ಅರ್ಧಂಬರ್ಧ ಕೆಡವಿದಾಗ ಇಟ್ಟಿಗೆಗಳೆಲ್ಲ ಎಲ್ಲಿ ಹೋದವೋ ಸಿಗುವುದಿಲ್ಲ ಎಂದು ಆ ಹುಡುಗಿ ಬೇಸರದಿಂದ ಹೇಳಿದಳು.

ಗುಯ್‌ಜೆನ್ ನಕ್ಕ ನಗುವಿಗೆ ಗಾರೆಯವರು ಕರಣೆ ಕೆಳಗಿಟ್ಟು ನೋಡಿದರು.

"ಸಿಗಲ್ವಾ? ನಮ್ಮ ಓಣಿಯಲ್ಲಿ ಜನ ಅದರ ಮೇಲೇ ಕೂತು ಕಾಲು ತೊಳ್ಕೋತಾರೆ ಕಣಮ್ಮ" ಎಂದಳು.

ಸುಳ್ಳೇನಲ್ಲ. ಒಂದೊಂದು ಇಟ್ಟಿಗೆಯೂ ತೊಟ್ಟಿಲ ಕೂಸಿನಷ್ಟು ಉದ್ದ, ಎತ್ತಿದರೆ ಸೊಂಟ ಹಿಡಿಯುವಷ್ಟು ಭಾರ. ಪಕ್ಕದಲ್ಲಿ ಅದನ್ನು ಮಾಡಿದವನ, ಸುಟ್ಟವನ, ಮಾಡಿಸಿದ ಅಧಿಕಾರಿಯ ಹೆಸರುಗಳ ಅಚ್ಚು. ಕೆಟ್ಟರೆ ಯಾರ ಕಿವಿ ಹಿಂಡಬೇಕೆಂದು ಗೊತ್ತಾಗಲಿ ಎಂದು ಹಿಂದಿನ ಅರಸರು ಮಾಡಿದ ಏರ್ಪಾಡು. ಗೋಡೆ ಬಿದ್ದ ಕಾಲದಲ್ಲಿ ಊರಿಗೆ ಊರೇ ಕೈಗಾಡಿ ತಂದು ಹೊತ್ತುಕೊಂಡು ಹೋಯಿತು. ಕದ್ದರು ಎನ್ನುವುದು ದೊಡ್ಡ ಮಾತು, ಬಿಟ್ಟರು ಎನ್ನುವುದು ಶುದ್ಧ ಸುಳ್ಳು. ನಲ್ಲಿಯ ಕೆಳಗೆ, ಮಂಚದ ಕಾಲಿಗೆ, ಕೋಳಿಗೂಡಿಗೆ, ಎಲ್ಲೆಂದರಲ್ಲಿ ಕೋಟೆಗೋಡೆ ಚೂರುಚೂರಾಗಿ ಸಂಸಾರ ಮಾಡಿಕೊಂಡಿತ್ತು.

ಅಂದಿನಿಂದ ಗುಯ್‌ಜೆನ್‌ಳಿಗೆ ಇಟ್ಟಿಗೆಯ ಹುಚ್ಚು ಹಿಡಿಯಿತು. ಮೂರು ಗಾಲಿಯ ಸೈಕಲ್ ಗಾಡಿಯ ತುಂಬ ಸಿಮೆಂಟ್ ಬ್ಲಾಕು ಹೇರಿಕೊಂಡು ತಮ್ಮ ಹಳೆ ಎಣ್ಣೆಗಾಣದ ಓಣಿಗೆ ಇಳಿದಳು. ಒಂದು ಬ್ಲಾಕು ಕೊಟ್ಟು ಒಂದು ಇಟ್ಟಿಗೆ ತೆಗೆದುಕೊಳ್ಳುವುದು, ಲೆಕ್ಕ ಅಷ್ಟೇ. ಮಂಚ ಕುಂಟಬಾರದು, ಕೋಳಿ ಬೀದಿಗೆ ಬೀಳಬಾರದು. ಕೊಡುವವರು ಸಂತೋಷದಿಂದ ಕೊಟ್ಟರು. ಕೊಡದವರ ಬಾಗಿಲಲ್ಲಿ ನಿಂತು ಅವಳು ಮಾತಾಡಿದಳು. ಇಡೀ ಓಣಿಗೆ ಕೇಳುತ್ತಿತ್ತಾದ್ದರಿಂದ ಅವರೂ ಕೊಟ್ಟರು. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ಮನೆಯಲ್ಲಿ ಅಂಥದ್ದು ಒಂದೂ ಇಲ್ಲವೆಂದು ಆಣೆ ಮಾಡಿದರು.

"ಅದನ್ನೇ ಸ್ವಲ್ಪ ಎದ್ದು ನಿಂತು ಹೇಳಿ ಮೇಷ್ಟ್ರೇ" ಎಂದಳು ಗುಯ್‌ಜೆನ್.

ಮೇಷ್ಟ್ರು ಕೂತಿದ್ದೇ ಅದರ ಮೇಲೆ. ಅವರೂ ನಕ್ಕು, ಚಹಾ ಕೊಟ್ಟು, ಇಟ್ಟಿಗೆಯನ್ನೂ ಕೊಟ್ಟು ಕಳಿಸಿದರು.

ಇದೆಲ್ಲ ಯಾಕೆ ನಿನಗೆ, ಪಿಂಚಣಿ ತಿಂದುಕೊಂಡು ಮಾಜೋಂಗ್ ಆಡಬಾರದೇ ಎಂದು ಗೆಳತಿಯರು ಕೇಳಿದರೆ ಅವಳು ಹಾರಿಕೆಯ ಉತ್ತರ ಕೊಡುತ್ತಿದ್ದಳು. ಒಳಗಿನ ಮಾತು ಬೇರೆ ಇತ್ತು. ಆಯುಷ್ಯವಿಡೀ ಅವಳು ಬಸ್ಸಿನಲ್ಲಿ ನಿಲ್ದಾಣಗಳ ಹೆಸರು ಕೂಗಿದ್ದಳು. ಕುದುರೆ ಲಾಯ, ಬಿದಿರು ಸಂತೆ, ಮೂರು ಬಾವಿ. ಲಾಯದಲ್ಲಿ ಕುದುರೆಯಿಲ್ಲ, ಸಂತೆಯಲ್ಲಿ ಬಿದಿರಿಲ್ಲ, ಬಾವಿ ಮುಚ್ಚಿ ಬ್ಯಾಂಕು ಕಟ್ಟಿದ್ದಾರೆ. ಇಲ್ಲದ್ದನ್ನೇ ಕೂಗಿ ಕೂಗಿ ಅವಳಿಗೆ ಒಂದು ಬಗೆಯ ಸಂಕಟವಾಗುತ್ತಿತ್ತು. ಈ ಇಟ್ಟಿಗೆ ಹಾಗಲ್ಲ. ಇದು ಇದೆ, ಇದರ ಜಾಗವೂ ಇದೆ, ಎತ್ತಿ ಇಟ್ಟರೆ ಆಯಿತು. ಹೋದದ್ದೊಂದು ಮರಳಿ ತನ್ನ ಜಾಗದಲ್ಲಿ ಕೂರುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ ಅವಳದು.

ಓಣಿಯಲ್ಲಿ ಕೊನೆಗೆ ಉಳಿದದ್ದು ಬಾತುಕೋಳಿ ಅಂಗಡಿಯ ಫೆಯ್. ಅವನ ಉಪ್ಪು ಬಾತುಕೋಳಿಗೆ ದಿನವೂ ಬಾಗಿಲಾಚೆಗೆ ಸಾಲು. ಅವನ ಕೌಂಟರ್ ನಿಂತಿದ್ದು ಅಜ್ಜ ಜೋಡಿಸಿದ ಕೋಟೆ ಇಟ್ಟಿಗೆಗಳ ಕಟ್ಟೆಯ ಮೇಲೆ. ಒಂದಕ್ಕಿಂತ ಒಂದು ಗಟ್ಟಿ, ಒಂದೂ ಮುಕ್ಕಾಗಿಲ್ಲ. ಅಷ್ಟು ಸಿಕ್ಕರೆ ಆ ಕುಸಿದ ಜಾಗ ಪೂರಾ ಹಳೆಯ ಇಟ್ಟಿಗೆಯಲ್ಲೇ ಮುಗಿಯುತ್ತದೆ, ಸಿಗದಿದ್ದರೆ ಹೊಸ ವರ್ಷದೊಳಗೆ ಹೊಸದನ್ನೇ ಹಾಕಿ ಮುಚ್ಚಬೇಕು ಎಂದು ಯಾನ್ ಶು ಹೇಳಿದ್ದಳು. ಗುಯ್‌ಜೆನ್ ಹೋಗಿ ಕೇಳಿದಳು. ಫೆಯ್ ಕತ್ತಿ ನಿಲ್ಲಿಸದೆ, ಬಾತಿನ ಕತ್ತು ತುಂಡು ಮಾಡುತ್ತ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಉತ್ತರ ಕೊಟ್ಟ.

"ಅದೇನ್ ಮಹಾ ವಿಷಯ ಅಕ್ಕ, ಕೊಡ್ತೀನಿ. ಮೊದಲು ನಿಮ್ಮನೆ ಗುಡಾಣದಲ್ಲಿ ಕೂತಿರೋ ಮುದುಕ ಎದ್ದು ಬರ್ಲಿ. ಅವತ್ತೇ ನನ್ನ ಕೌಂಟರ್ ಕಿತ್ತು ನಾನೇ ಗಾಡಿಗೆ ಹಾಕ್ತೀನಿ."

ಸಾಲಿಗೆ ಸಾಲೇ ಗೊಳ್ಳೆಂದಿತು. ಗುಯ್‌ಜೆನ್ ಬರಿಗಾಡಿ ತಿರುಗಿಸಿಕೊಂಡು ಹೊರಟುಬಿಟ್ಟಳು. ಹೀಗಾದದ್ದನ್ನು ಓಣಿಯವರು ಹಿಂದೆಂದೂ ಕಂಡಿರಲಿಲ್ಲ.

ಗುಡಾಣದ ಮುದುಕನೆಂದರೆ ಜುವೊ. ಮನುಷ್ಯನಲ್ಲ, ಅವಳ ಅತ್ತೆಯ ಇಟ್ಟಿಗೆ. ಚಳಿ ಹತ್ತುವ ಹೊತ್ತಿಗೆ ಆ ಓಣಿಯ ಹಗ್ಗಗಳ ಮೇಲೆಲ್ಲ ಬಟ್ಟೆಯ ಬದಲು ಉದ್ದ ದಂಟಿನ ಸೊಪ್ಪು ಒಣಗುತ್ತದೆ. ಬಾಡಿದ ಸೊಪ್ಪಿಗೆ ಉಪ್ಪು ತಿಕ್ಕಿ, ಪದರ ಪದರವಾಗಿ ಗುಡಾಣಕ್ಕೆ ತುಂಬಿ, ಮೇಲೆ ಭಾರ ಹೇರಿದರೆ ದೊಡ್ಡ ಚಳಿಯ ಹಬ್ಬದ ಹೊತ್ತಿಗೆ ಗಂಜಿಯ ಜೊತೆಗೆ ಹದವಾದ ಉಪ್ಪುಸೊಪ್ಪು. ಅತ್ತೆಯ ಗುಡಾಣದ ಮೇಲೆ ಭಾರಕ್ಕಿದ್ದದ್ದು ಮಾವ ಮದುವೆಯ ಹೊಸದರಲ್ಲಿ ಹೊತ್ತು ತಂದ ಕೋಟೆ ಇಟ್ಟಿಗೆ. ಅದರ ಪಕ್ಕದಲ್ಲಿದ್ದ ಅಚ್ಚನ್ನು ಯಾರೋ ಓದಿ, ಇದನ್ನು ಮಾಡಿದವನ ಹೆಸರು ಜುವೊ ಎಂದು ಹೇಳಿದ್ದರು. ಓದು ಬಾರದ ಅತ್ತೆ ಅಂದಿನಿಂದ ಅದನ್ನು ಮುದುಕ ಜುವೊ ಎಂದೇ ಕರೆದಳು. ಪ್ರತಿ ಚಳಿಗಾಲ, "ಕೂತ್ಕೊಳಪ್ಪ ಜುವೊ, ಗಟ್ಟಿಯಾಗಿ ಕೂತ್ಕೊ" ಎಂದು ಸೊಪ್ಪಿನ ಮೇಲೆ ಕೂರಿಸುತ್ತಿದ್ದಳು. ನಮ್ಮ ಮನೆಯಲ್ಲಿ ನನಗೆ ಇಬ್ಬರು ಮಾವಂದಿರು ಎಂದು ಗುಯ್‌ಜೆನ್ ಹೊರಗೆ ತಮಾಷೆ ಮಾಡುತ್ತಿದ್ದಳು.

ಒಳಗೆ ಅದು ತಮಾಷೆಯಾಗಿರಲಿಲ್ಲ. ಸೊಸೆಯಾಗಿ ಬಂದ ಮೊದಲ ಚಳಿಗಾಲ ಗುಯ್‌ಜೆನ್ ಉತ್ಸಾಹದಿಂದ ತೋಳೇರಿಸಿ ಗುಡಾಣಕ್ಕೆ ಕೈ ಹಾಕಿದ್ದಳು. ಆ ವರ್ಷ ಸೊಪ್ಪು ಕೊಳೆತು ನಾರಿತು. ಅತ್ತೆ ಅವಳ ಅಂಗೈ ಹಿಡಿದು ನೋಡಿ, ಬೆವರುಗೈ, ಈ ಕೈಗುಣಕ್ಕೆ ಉಪ್ಪುಸೊಪ್ಪು ಆಗಿಬರುವುದಿಲ್ಲ ಎಂದು ಎಲ್ಲರೆದುರು ತೀರ್ಪು ಕೊಟ್ಟಳು. ಅಷ್ಟೇ. ಆಮೇಲೆ ಆ ಮನೆಯಲ್ಲಿ ಸೊಸೆ ಅನ್ನ ಬೇಯಿಸಿದಳು, ಮಗಳನ್ನು ಹೆತ್ತು ಬೆಳೆಸಿ ಮದುವೆ ಮಾಡಿದಳು, ಮಾವನ ಕೊನೆಗಾಲದಲ್ಲಿ ಮೈ ಒರೆಸಿದಳು. ಗುಡಾಣದ ಮುಚ್ಚಳ ಮುಟ್ಟಲಿಲ್ಲ. ನಲವತ್ತು ವರ್ಷದ ಹಿಂದಿನ ಆ ಮಾತು ಅವಳಿಗೆ ಇಂದಿಗೂ ಚುಚ್ಚುತ್ತಿತ್ತು. ಯಾರ ಮನೆಯಲ್ಲಾದರೂ ಉಪ್ಪಿನ ಡಬ್ಬಿ ತೆಗೆಯಬೇಕಾದರೂ ಮೊದಲು ಅಂಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದಳು.

ಫೆಯ್‌ನ ಮಾತು ಕೇಳಿ ಬಂದವಳು ಎರಡು ದಿನ ಒಳಗೊಳಗೇ ಕುದಿದು, ಮೂರನೆಯ ದಿನ ಅತ್ತೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಗುಡಾಣ ಅದಾಗಲೇ ತುಂಬಿ, ಜುವೊ ಮೇಲೆ ಕೂತಾಗಿತ್ತು. ಇಷ್ಟು ಮೆತ್ತಗೆ ಮಾತಾಡಲು ತನಗೂ ಬರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ.

"ಅಮ್ಮ, ಗೋಡೆಗೆ ಬೇಕಂತೆ. ಜುವೊನ ಬದಲು ಬೇರೆ ಭಾರ ಇಡೋಣ."

ಅತ್ತೆ ಬೊಚ್ಚುಬಾಯಲ್ಲಿ ಏನನ್ನೋ ಮೆಲ್ಲುತ್ತಿದ್ದಳು.

"ನಿನ್ನ ಮಾವ ಹೋದ್ರು. ಹಲ್ಲು ಹೋದ್ವು. ಓಣಿ ಬಾವಿ ಹೋಯ್ತು. ಇವನೊಬ್ಬ ಇದ್ದ, ಇವನನ್ನೂ ಕಳಿಸು" ಎಂದಳು. ಆಮೇಲೆ, "ಗೋಡೆ ಅಷ್ಟುದ್ದ ಇದೆ, ಒಂದು ಇಟ್ಟಿಗೆ ಇಲ್ಲದಿದ್ರೆ ಅದಕ್ಕೆ ಗೊತ್ತಾಗಲ್ಲ. ನನ್ನ ಗುಡಾಣಕ್ಕೆ ಗೊತ್ತಾಗುತ್ತೆ."

ಅಲ್ಲಿಗೆ ಮಾತು ಮುಗಿಯಿತು. ಚಾಂಗ್‌ಗೆಂಗ್ ಆಗಲೇ ಪಂಜರ ಎತ್ತಿಕೊಂಡು ಹೊರಟಿದ್ದ.

ಮುಂದಿನ ವಾರ ಅತ್ತೆ ತಂಗಿಯ ಮೊಮ್ಮಗಳ ಮದುವೆಗೆಂದು ಮಗನ ಜೊತೆ ಗಾವ್‌ಚುನ್‌ಗೆ ಹೋದಳು. ನಾಲ್ಕೈದು ದಿನ ಮನೆ ಖಾಲಿ. ಗುಯ್‌ಜೆನ್ ಒಳ್ಳೆಯವಳೇ, ಆದರೆ ಬಸ್ಸು ಹೊರಟಾಗಿದೆ ಅನ್ನಿಸಿದರೆ ಓಡಿ ಹತ್ತುವ ಜಾತಿ. ಹಾಡುಹಗಲೇ ಮೊಳಕೈವರೆಗೆ ಸೋಪು ಹಚ್ಚಿ ತೊಳೆದು, ಒರೆಸಿ, ಮತ್ತೆ ತೊಳೆದು, ಉಸಿರು ಬಿಗಿಹಿಡಿದು ಜುವೊನನ್ನು ಎತ್ತಿದಳು. ಆ ಜಾಗದಲ್ಲಿ ಒಗೆದ ಬಟ್ಟೆ ಸುತ್ತಿದ ಸಿಮೆಂಟ್ ಬ್ಲಾಕು ಇಟ್ಟಳು. ಜುವೊನಿಗೆ ನಲ್ಲಿಯ ಕೆಳಗೆ ಸ್ನಾನ ಮಾಡಿಸಿ ಬಿಸಿಲಿಗೆ ಒಣಗಹಾಕಿದಳು. ಗೋಡೆ ನಿಂತ ಮೇಲೆ ಅತ್ತೆಯನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿದರೆ ಅವಳೇ ಹಿಗ್ಗುತ್ತಾಳೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮದುವೆಗೆ ಹೋದವರು ಬರಬೇಕಿದ್ದ ದಿನ ಬೆಳಿಗ್ಗೆ ಜುವೊ ಗಾಡಿ ಏರಿದ. ಫೆಯ್ ಅಂಗಡಿಯ ಮುಂದೆ ಗಾಡಿ ನಿಂತದ್ದೇ, ಅವನು ಇಣುಕಿ ನೋಡಿ, ಅಚ್ಚಿನ ಮೇಲೆ ಬೆರಳಾಡಿಸಿ, ಏಪ್ರನ್ನು ಬಿಚ್ಚಿಟ್ಟ. ಮಾತೆಂದರೆ ಮಾತು. ಬಾತುಕೋಳಿಗೆ ಬಂದವರೇ ಕೌಂಟರ್ ಇಳಿಸಲು ಕೈ ಜೋಡಿಸಿದರು. ಅಜ್ಜ ಕಟ್ಟಿದ ಕಟ್ಟೆ ಮಧ್ಯಾಹ್ನದೊಳಗೆ ಗಾಡಿಯಲ್ಲಿತ್ತು. ಗುಯ್‌ಜೆನ್ ಮುಂದೆ ತುಳಿದಳು, ಫೆಯ್ ಹಿಂದೆ ನೂಕಿದ, ಓಣಿಯ ಅರ್ಧ ಜನ ಮೆರವಣಿಗೆಯ ಹಾಗೆ ಜೊತೆಗೆ ನಡೆದರು. ಅವಳು ದಾರಿಯುದ್ದಕ್ಕೂ, "ಮುಂದೆ ಹೋಗಿ, ಜಾಗ ಬಿಡಿ" ಎಂದು ಕೂಗುತ್ತಿದ್ದಳು. ಅಷ್ಟು ಸುಖ ಅವಳಿಗೆ ಸಂಬಳದ ದಿನವೂ ಆಗಿದ್ದಿಲ್ಲ.

ಯಾನ್ ಶು ಫೆಯ್‌ನ ಇಟ್ಟಿಗೆಗಳನ್ನು ತಟ್ಟಿ ನೋಡಿ ಕುಣಿಯುವುದೊಂದು ಬಾಕಿ. ಜುವೊನ ಹತ್ತಿರ ಬಂದಾಗ ಮಾತ್ರ ನಿಂತಳು. ಬಿಸಿಲಿಗೆ ಒಣಗಿದ ಇಟ್ಟಿಗೆಯ ಮೈಮೇಲೆ ಬಿಳಿಯ ಪುಡಿ ಎದ್ದಿತ್ತು. ಉಗುರಿನಿಂದ ಕೆರೆದು, ನಾಲಿಗೆಯ ತುದಿಗೆ ಮುಟ್ಟಿಸಿ, ಮುಖ ಹುಳ್ಳಗೆ ಮಾಡಿದಳು.

"ಆಂಟಿ, ಇದು ಎಲ್ಲಿತ್ತು?"

ಗುಯ್‌ಜೆನ್ ಹೇಳಿದಳು. ಗಾರೆಯವರು ನಗು ತಡೆಯಲಾರದೆ ಆ ಕಡೆ ತಿರುಗಿದರು. ಯಾನ್ ಶು ನಗಲಿಲ್ಲ. ಇಷ್ಟು ವರ್ಷ ಉಪ್ಪುನೀರು ಕುಡಿದ ಇಟ್ಟಿಗೆಯನ್ನು ಗೋಡೆಗೆ ಹಾಕಿದರೆ ಮಳೆ ಬಿದ್ದಾಗೆಲ್ಲ ಉಪ್ಪು ಪಕ್ಕದ ಇಟ್ಟಿಗೆಗೂ ಇಳಿಯುತ್ತದೆ, ಅವೂ ಪುಡಿಪುಡಿಯಾಗಿ ಉದುರುತ್ತವೆ, ಎಷ್ಟು ತೊಳೆದರೂ ಇದು ಹೋಗುವಂಥದ್ದಲ್ಲ ಎಂದು ಬಹಳ ನೊಂದುಕೊಂಡು ತಿಳಿಸಿದಳು. ಹೆಸರಿನ ಅಚ್ಚು ಇಷ್ಟು ಚೆನ್ನಾಗಿ ಉಳಿದದ್ದು ತಾನು ನೋಡೇ ಇಲ್ಲವೆಂದು ಅದನ್ನು ಸವರಿದಳು ಕೂಡ. ಗುಯ್‌ಜೆನ್‌ಳಿಗೆ ಏನೂ ಕೇಳಿಸುತ್ತಿರಲಿಲ್ಲ. ಅತ್ತೆಗೆ ಬೆನ್ನ ಹಿಂದೆ ಮೋಸ ಮಾಡಿದ್ದು ಒಂದು, ಅದೂ ಯಾತಕ್ಕೂ ಬಾರದ ಹಾಗೆ ಮಾಡಿದ್ದು ಇನ್ನೊಂದು. ಫೆಯ್‌ನ ಮುಖ ನೋಡಲೂ ಅವಳಿಗೆ ಧೈರ್ಯವಿರಲಿಲ್ಲ. ಅವನು ತನ್ನ ಇಟ್ಟಿಗೆ ವಾಪಸು ಕೇಳಿದ್ದರೆ ಕೇಳಬಹುದಿತ್ತು.

"ಅದೇನ್ ಮಹಾ" ಎಂದ ಫೆಯ್. "ಮುದುಕ ಎದ್ದು ಬಂದನಲ್ಲ, ನಾನು ಕೇಳಿದ್ದು ಅಷ್ಟೇ. ನಡೀರಿ ಅಕ್ಕ, ಮನೆಗೆ ಬಿಟ್ಟು ಬರೋಣ ಪಾಪ."

ಹೋಗುವಾಗ ಊರಿಗೆ ಕೇಳುವಂತೆ ಕೂಗಿದವಳು ಬರುವಾಗ ತಲೆ ತಗ್ಗಿಸಿಕೊಂಡು ಗಾಡಿ ತುಳಿದಳು. ಓಣಿಯ ತಿರುವಿನಲ್ಲಿ ಫೆಯ್ ತನ್ನ ಅಂಗಡಿಗೆ ಹೋದ. ಮನೆಯ ಬಾಗಿಲು ತೆರೆದಿತ್ತು. ಮದುವೆಗೆ ಹೋದವರು ಬಂದುಬಿಟ್ಟಿದ್ದರು. ಚಾಂಗ್‌ಗೆಂಗ್ ಎಲ್ಲೂ ಕಾಣಲಿಲ್ಲ, ಪಂಜರವೂ ಇರಲಿಲ್ಲ. ಹಿತ್ತಲ ಅಂಗಳದಲ್ಲಿ ಗುಡಾಣದ ಮುಚ್ಚಳ ತೆಗೆದು ಕೆಳಗಿಟ್ಟಿತ್ತು. ಅತ್ತೆ ಪಕ್ಕದಲ್ಲಿ ಮೋಟು ಸ್ಟೂಲಿನ ಮೇಲೆ, ಮದುವೆಗೆ ಉಟ್ಟುಹೋಗಿದ್ದ ಹೊಸ ಹತ್ತಿ ಕೋಟಿನಲ್ಲೇ ಕೂತಿದ್ದಳು. ಉಪ್ಪುನೀರಿನ ಹುಳಿಗೆ ಸಿಮೆಂಟು ಕರಗಿ ಮೇಲೆಲ್ಲ ಬೂದಿಯ ಬಣ್ಣದ ನೊರೆ ಕಟ್ಟಿತ್ತು. ವಾಸನೆ ಬಾಗಿಲವರೆಗೆ ಬರುತ್ತಿತ್ತು.

"ಜುವೊ ಎಲ್ಲಿ?" ಎಂದು ಅತ್ತೆ ಕೇಳಿದಳು.

"ಗಾಡಿಯಲ್ಲಿದ್ದಾನೆ. ಗೋಡೆಯವರು ಬೇಡ ಅಂದ್ರು."

"ಯಾಕಂತೆ?"

"ತುಂಬ ಉಪ್ಪು ಕುಡಿದಿದ್ದಾನಂತೆ. ಅಕ್ಕಪಕ್ಕದವರನ್ನೂ ಕೆಡಿಸ್ತಾನಂತೆ."

ಅತ್ತೆಯ ಬಾಯಿ ಸ್ವಲ್ಪ ಕೊಂಕಿತು. ಅಳುವೋ ನಗುವೋ ಹೇಳುವಂತಿರಲಿಲ್ಲ. "ಇಷ್ಟು ಕಾಲ ನನ್ನ ಜೊತೆ ಏಗಿದವನು, ಇನ್ನು ಬೇರೆಯವರ ಜೊತೆ ಬಾಳ್ತಾನಾ?" ಎಂದಳು.

ಗುಯ್‌ಜೆನ್ ಅವಳ ಕಾಲ ಬಳಿ ಕೂತುಬಿಟ್ಟಳು. "ತಪ್ಪಾಯ್ತಮ್ಮ. ಬೇಡ ಅಂದ್ರೂ ಕೈ ಹಾಕಿದೆ. ಈ ವರ್ಷದ ಸೊಪ್ಪು ಹಾಳು ಮಾಡಿದೆ. ಮತ್ತೆ ನಾನೇ ಮಾಡಿದೆ."

ಅತ್ತೆ ಬೈಯಲಿಲ್ಲ. ಅದೇ ಹೆಚ್ಚು ಹೆದರಿಕೆಯ ವಿಷಯ. ಗುಡಾಣದೊಳಗಿನ ಬ್ಲಾಕನ್ನು ಬೆರಳು ಮಾಡಿ ತೋರಿಸಿದಳು.

"ಇದನ್ನ ತೆಗೆಯೋಣ ಅಂತ ನೋಡಿದೆ, ಆಗ್ಲಿಲ್ಲ. ಜುವೊನನ್ನೂ ಎತ್ತೋಕೆ ಆಗ್ತಿಲ್ಲ, ಎರಡು ಚಳಿಗಾಲ ಆಯ್ತು. ಚಾಂಗ್‌ಗೆಂಗ್ ಎತ್ತಿಡ್ತಾನೆ, ನೀನು ಮಾರುಕಟ್ಟೆಗೆ ಹೋದಾಗ."

"ನಂಗೆ ಯಾಕಮ್ಮ ಹೇಳ್ಲಿಲ್ಲ?"

"ಹೇಳಿದ್ರೆ ಗುಡಾಣ ನಿನ್ನ ಕೈಗೆ ಹೋಗ್ತಿತ್ತು" ಎಂದಳು ಅತ್ತೆ, ಬಿಚ್ಚುಮನಸ್ಸಿನಿಂದ. "ಆಮೇಲೆ ಈ ಮನೆಯಲ್ಲಿ ನಾನು ಯಾತಕ್ಕೆ?"

ಗುಯ್‌ಜೆನ್ ಕಣ್ಣೊರೆಸಿಕೊಂಡಳು. ತನ್ನನ್ನು ಗುಡಾಣದಿಂದ ದೂರವಿಟ್ಟದ್ದಕ್ಕೆ ನಲವತ್ತು ವರ್ಷ ಅವಳು ಮುದುಕಿಯ ಮೇಲೆ ಒಳಗೇ ಹಲ್ಲು ಮಸೆದಿದ್ದಳು. ಆ ಮುದುಕಿಗೂ ಇದೊಂದೇ ಜಾಗವಿತ್ತೆಂದು ಒಂದು ದಿನವೂ ಹೊಳೆದಿರಲಿಲ್ಲ. ಬಸ್ಸಿನ ನಿಲ್ದಾಣಗಳಿಗಾಗಿ ಮರುಗಿದವಳಿಗೆ ಮನೆಯೊಳಗಿನದು ಕಾಣಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಅತ್ತೆ ಸ್ಟೂಲಿನ ಮೇಲೆ ಸರಿಯಾಗಿ ಕೂತು, ಕೋಟಿನ ತೋಳು ಮಡಚಿಕೊಂಡಳು. "ಅಳೋದು ಆಮೇಲೆ. ಮೊಳಕೈ ತನಕ ತೊಳ್ಕೊಂಡು ಬಾ."

ಆ ಮಧ್ಯಾಹ್ನ ಅತ್ತೆ ಕೂತಲ್ಲಿಂದಲೇ ಹೇಳಿದಳು, ಸೊಸೆ ಮಾಡಿದಳು. ಬ್ಲಾಕು ಹೊರಗೆ ಬಂತು. ಮೇಲಿನ ಲೋಳೆಯಾದ ಸೊಪ್ಪನ್ನೆಲ್ಲ ಕಿತ್ತೆಸೆದದ್ದಾಯಿತು. ಅದರ ಕೆಳಗಿನದು ಇನ್ನೂ ಗಟ್ಟಿಯಾಗಿತ್ತು, ಒಂದು ದಂಟು ಮುರಿದರೆ ಟಕ್ಕೆಂದಿತು. ಕೆಟ್ಟ ನೀರು ಚೆಲ್ಲಿ, ಉಳಿದ ಸೊಪ್ಪು ತೊಳೆದು, ಹೊಸದಾಗಿ ಉಪ್ಪು ತಿಕ್ಕಿ, ಮತ್ತೆ ಪದರ ಪದರವಾಗಿ ತುಂಬಿದಳು. ಉಪ್ಪು ಇನ್ನೊಂದು ಹಿಡಿ, ಅಲ್ಲಲ್ಲ ಅರ್ಧ ಹಿಡಿ, ಅಂಚಿಗೆ ಒತ್ತು, ಅಂಚಿಗೆ, ಎಂದು ಅತ್ತೆಯ ಬಾಯಿ ಬಿಡುವಿಲ್ಲದೆ ನಡೆದಿತ್ತು. ಕೊನೆಗೆ ಗುಯ್‌ಜೆನ್ ಗಾಡಿಯಿಂದ ಜುವೊನನ್ನು ತಬ್ಬಿಕೊಂಡು ತಂದಳು. ಸೊಪ್ಪಿನ ಮೇಲೆ ಮೆಲ್ಲಗೆ ಇಳಿಸಿದಳು. ಆಮೇಲೆ ಅತ್ತೆಯೇ, "ಕೂತ್ಕೊಳಪ್ಪ" ಎಂದಳು.

ಆಮೇಲಿನ ದಿನಗಳಲ್ಲಿ ಗುಯ್‌ಜೆನ್‌ಳ ಸಂಕಟ ನೋಡಬೇಕಿತ್ತು. ಹೊತ್ತುಹೊತ್ತಿಗೆ ಗುಡಾಣದ ಸುತ್ತ ಸುಳಿದು ಮೂಸುವಳು, ಮುಚ್ಚಳ ಮುಟ್ಟಲು ಹೋಗಿ ಕೈ ಹಿಂದೆಳೆದುಕೊಳ್ಳುವಳು. ಇಟ್ಟಿಗೆಯ ಮಾತೇ ಮರೆತಳು. ಗೋಡೆಯ ಮೇಲೆ ಫೆಯ್‌ನ ಇಟ್ಟಿಗೆಗಳು ಕೂರುವುದನ್ನು ನೋಡಲು ಯಾನ್ ಶು ಕರೆದಾಗ ಹೋದಳು, ನೋಡಿದಳು, ಕಣ್ಣು ತುಂಬಿಕೊಂಡಳು, ಒಡನೆ ಮನೆಗೆ ಓಡಿದಳು. ಸೊಪ್ಪೇನಾದರೂ ಕೆಟ್ಟರೆ ಅತ್ತೆಯ ತೀರ್ಪು ಸಾಯುವವರೆಗೆ ತನ್ನ ಹಣೆಗೆ ಅಂಟಿಕೊಳ್ಳುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಮುದುಕಿಯ ಒಂದು ಚಳಿಗಾಲ ತನ್ನಿಂದ ಹಾಳಾಯಿತಲ್ಲ ಎನ್ನಿಸುತ್ತಿತ್ತು. ಇನ್ನೆಷ್ಟು ಚಳಿಗಾಲ ಉಳಿದಿವೆ ಅವಳಿಗೆ?

ದೊಡ್ಡ ಚಳಿಯ ಹಬ್ಬದ ದಿನ ಗುಡಾಣ ತೆರೆಯಬೇಕು. ಫೆಯ್ ತನ್ನ ಹೊಸ ಮರದ ಕೌಂಟರಿನ ಮೇಲಿನ ಮೊದಲ ಬಾತುಕೋಳಿ ಕತ್ತರಿಸಿ ತಂದ, ಜೊತೆಗೆ ಒಂದು ಖಾಲಿ ಬಟ್ಟಲನ್ನೂ ತಂದ. ಯಾನ್ ಶು ಬಂದಳು. ಜುವೊ ಗೋಡೆಯವನೇ, ಸದ್ಯ ಈ ಮನೆಯಲ್ಲಿ ಇರುತ್ತಾನೆ ಎಂದು ತಾವು ದಾಖಲೆಯಲ್ಲಿ ಬರೆದುಕೊಳ್ಳುವುದಾಗಿ ಅವಳು ವಿನಯದಿಂದ ತಿಳಿಸಿದಾಗ, ಗೋಡೆಗೆ ಬೇಕಿದ್ದರೆ ಬಂದು ನೋಡಿಕೊಂಡು ಹೋಗಲಿ ಎಂದು ಅತ್ತೆ ಒಪ್ಪಿಗೆ ಕೊಟ್ಟಳು. ಚಾಂಗ್‌ಗೆಂಗ್ ಅಂದು ಎಲ್ಲಿಗೂ ಹೋಗಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ, ಪಂಜರ ಮಾತ್ರ ಕೈಯಲ್ಲಿತ್ತು.

ಗುಯ್‌ಜೆನ್ ಜುವೊನನ್ನು ಎತ್ತಿಟ್ಟು, ಒಂದು ಕಟ್ಟು ಸೊಪ್ಪು ತೆಗೆದು, ಹಿಂಡಿ, ಸಣ್ಣಗೆ ಹೆಚ್ಚಿ, ಎರಡು ತೊಟ್ಟು ಎಳ್ಳೆಣ್ಣೆ ಹಾಕಿ ಬಿಸಿ ಗಂಜಿಯ ಪಕ್ಕದಲ್ಲಿಟ್ಟಳು. ಬಣ್ಣ ಬಂಗಾರದ ಹಳದಿ. ಆದರೂ ಅವಳು ನಂಬಲಿಲ್ಲ. ಅತ್ತೆ ಚಾಪ್‌ಸ್ಟಿಕ್ಕಿನಲ್ಲಿ ಚೂರು ಎತ್ತಿಕೊಂಡು, ಹಲ್ಲಿಲ್ಲದ ವಸಡಿನಲ್ಲಿ ಈ ಕಡೆಯಿಂದ ಆ ಕಡೆಗೆ ಹೊರಳಿಸಿದಳು. ಯಾರೂ ಗಂಜಿ ಮುಟ್ಟಲಿಲ್ಲ.

"ಉಪ್ಪು ಒಂದು ಚೂರು ಮುಂದು" ಎಂದಳು. ಇನ್ನೊಂದು ಚೂರು ಎತ್ತಿಕೊಂಡಳು. ಮತ್ತೊಂದು. ಬಟ್ಟಲನ್ನೇ ತನ್ನ ಕಡೆಗೆ ಎಳೆದುಕೊಂಡಳು.

ಗುಯ್‌ಜೆನ್ ಅಂಗೈಗಳನ್ನು ಸೊಂಟದ ಬಟ್ಟೆಗೆ ಉಜ್ಜುತ್ತ ನಿಂತೇ ಇದ್ದಳು. ಅತ್ತೆಗೆ ಅದು ಕಂಡಿತು.

"ಏನದು ಯಾವಾಗ್ಲೂ ಕೈ ಒರೆಸ್ಕೊಳ್ಳೋದು?"

"ಬೆವರುಗೈ ಅಲ್ವಾಮ್ಮ" ಎಂದಳು ಗುಯ್‌ಜೆನ್ ಮೆಲ್ಲಗೆ. "ನನ್ನ ಕೈಗುಣ ಸರಿಯಿಲ್ಲ ಅಂತ..."

ಅತ್ತೆ ಮುಖವೆತ್ತಿ ಸೊಸೆಯನ್ನು ನೋಡಿದಳು. ಮುದುಕಿಯ ಮುಖದಲ್ಲಿ ಸುಳ್ಳಿನ ಸುಳಿವೇ ಇರಲಿಲ್ಲ.

"ಯಾರೇ ಹಾಗಂದಿದ್ದು?"

ಬಾಗಿಲ ಬಳಿ ಚಾಂಗ್‌ಗೆಂಗ್ ಪಂಜರ ಕೆಳಗಿಟ್ಟ. ಗುಯ್‌ಜೆನ್ ಕೈ ಒರೆಸಿಕೊಳ್ಳುವುದನ್ನು ಬಿಟ್ಟು ಅತ್ತೆಯ ಬಟ್ಟಲಿಗೆ ಇನ್ನಷ್ಟು ಸೊಪ್ಪು ಬಡಿಸಿದಳು.